ಜಗಲಿಯ ಮಾತು: ಬೆಳಕನ್ನು ಓದಹೊರಟ ಹುಡುಗಿ

ತುಳಸಿಯ ಸಸಿಯೊಂದನ್ನೂ ಎರಡು ದಾಸವಾಳದ ಗಿಡಗಳನ್ನೂ ಕೊಂಡುತರಬೇಕೆಂದು ನಾವು ಒಂದು ಭಾನುವಾರ ಸಿದ್ದಾಪುರಕ್ಕೆ ಹೋಗಿದ್ದೆವು. ಲಾಲ್‌ಬಾಗಿನ ಮಗ್ಗುಲಲ್ಲಿರುವ ಈ ಊರನ್ನು ಪಟ್ಟಣವು ಎಂದೋ ನುಂಗಿರುವುದಾದರೂ, ಗಿಡ ಬೆಳೆಸುವ ವಿದ್ಯೆ ಮಾತ್ರ ಅಲ್ಲಿಯವರ ಕೈಬಿಟ್ಟು ಹೋಗಿಲ್ಲ. ನಮ್ಮ ಮನೆಗೆ ಬಹುಕಾಲದಿಂದ ಗಿಡ ಕೊಡುತ್ತಿರುವ ನರ್ಸರಿಯ ಯಜಮಾನರು ಅಂದು ಗಿಡದ ಮಾತನ್ನೇ ಎತ್ತಲಿಲ್ಲ. ಮೋಟು ಸ್ಟೂಲೊಂದನ್ನು ಮುಂದಕ್ಕೆ ಸರಿಸಿ, "ಕೂತ್ಕೊಳ್ಳಿ ಸ್ವಾಮಿ. ನಮ್ಮ ಹುಡುಗಿ ಒಂದು ಹಟ ಹಿಡಿದವ್ಳೆ. ತಾವು ಓದಿದೋರು, ಒಂದು ಮಾತು ಹೇಳಿ ಹೋಗಿ" ಎಂದರು.

ಹಟದ ವಿಷಯ ಹೀಗಿತ್ತು. ಹುಡುಗಿಯು ಭೌತಶಾಸ್ತ್ರವನ್ನು ಮುಖ್ಯ ವಿಷಯವಾಗಿಟ್ಟುಕೊಂಡು ಬಿ.ಎಸ್ಸಿ.ಯ ಮೂರು ವರ್ಷಗಳನ್ನು ಮುಗಿಸಿದ್ದಳು. ಅಷ್ಟಕ್ಕೇ ಪದವಿಯನ್ನು ಪಡೆದು ಹೊರಬರಬಹುದಾಗಿತ್ತು. ಅವಳಾದರೋ ನಾಲ್ಕನೆಯ ವರ್ಷವೂ ನಿಂತು, ಲೇಸರ್ ಮತ್ತು ದ್ಯುತಿವಿಜ್ಞಾನದಲ್ಲಿ ಸಂಶೋಧನೆ ಮಾಡಿ, ಆನರ್ಸ್ ಪದವಿಯನ್ನೇ ತೆಗೆದುಕೊಳ್ಳುವೆನೆಂದು ಕುಳಿತಿದ್ದಳು. ಆಕೆಯ ಚಿಕ್ಕಪ್ಪನವರಿಗೆ ಬಿ.ಎಡ್. ಓದಿಸಿದರೆ ಸಾಕೆಂಬ ಅಭಿಪ್ರಾಯ. ತಂದೆಯವರಿಗೆ ಖರ್ಚಿನ ಚಿಂತೆ. ಅಜ್ಜಿಯವರ ಚಿಂತೆ ಬೇರೆಯದು. "ಲೇಸರ್ ಅಂದ್ರೆ ಕಣ್ಣು ಸುಡೋ ಬೆಳಕಂತೆ. ಕಣ್ಣು ಹೋದ ಹುಡುಗೀನ ಯಾರು ಮಾಡ್ಕೋತಾರೆ?" ಎಂದು ಅವರು ಒಳಗಿನಿಂದಲೇ ಕೇಳಿದರು. ಹುಡುಗಿ ಮಾತಾಡಲಿಲ್ಲ; ಕುಂಡಗಳಿಗೆ ಮಣ್ಣು ತುಂಬುತ್ತಿದ್ದಳು, ಆದರೆ ಕಿವಿಯೆಲ್ಲ ನಮ್ಮ ಕಡೆಗೇ ಇತ್ತು.

ಇಂತಹ ಪ್ರಶ್ನೆ ಆ ಒಂದು ಮನೆಯದೇ ಆಗಿರಲಾರದು. ಆದುದರಿಂದ ನಾವು ಅಲ್ಲಿ ಹೇಳಿದುದನ್ನೂ, ಹೇಳಲು ಮರೆತುದನ್ನೂ ಈ ತಿಂಗಳ ಜಗಲಿಯಲ್ಲಿ ಬರೆಯುತ್ತಿದ್ದೇವೆ.

ಮೊದಲು ಲೇಸರ್ ಎಂದರೇನೆಂಬುದನ್ನು ಅಜ್ಜಿಯವರಿಗೆ ತಿಳಿಯುವಂತೆ ಹೇಳಬೇಕಾಯಿತು. ದೀಪದಿಂದಲೋ ಸೂರ್ಯನಿಂದಲೋ ಬರುವ ಬೆಳಕು ಸಂತೆಯ ಗದ್ದಲದಂತೆ. ಕೋಟ್ಯನುಕೋಟಿ ಪರಮಾಣುಗಳು ತಮತಮಗೆ ತೋಚಿದ ಕ್ಷಣದಲ್ಲಿ, ತಮಗೆ ತೋಚಿದ ದಿಕ್ಕಿಗೆ, ಬೇರೆ ಬೇರೆ ಬಣ್ಣದ ಅಲೆಗಳನ್ನು ಚೆಲ್ಲುವುವು. ಲೇಸರಿನ ಬೆಳಕು ಭಜನೆಯಂತೆ. ಚೈತನ್ಯವನ್ನು ತುಂಬಿಕೊಂಡು ಕಾದಿರುವ ಪರಮಾಣುವಿನ ಬಳಿ ತಕ್ಕ ಬಣ್ಣದ ಬೆಳಕಿನ ಕಣವೊಂದು ಹಾದುಹೋದರೆ, ಆ ಪರಮಾಣುವೂ ಅದೇ ಬಣ್ಣದ, ಅದೇ ದಿಕ್ಕಿನ, ಅದೇ ತಾಳದ ಇನ್ನೊಂದು ಕಣವನ್ನು ಹೊರಡಿಸುವುದು. ಹೀಗಾಗಬಹುದೆಂದು ಐನ್‌ಸ್ಟೈನರು ೧೯೧೭ರ ವೇಳೆಗೇ ಲೆಕ್ಕದಿಂದ ತೋರಿಸಿದ್ದರು. ಒಂದು ಎರಡಾಗಿ, ಎರಡು ನಾಲ್ಕಾಗಿ, ಎದುರುಬದುರು ಇಟ್ಟ ಎರಡು ಕನ್ನಡಿಗಳ ನಡುವೆ ಹೋಗಿಬಂದು ಬೆಳೆಯುವ ಬೆಳಕು, ಅವುಗಳಲ್ಲಿ ಒಂದು ಕನ್ನಡಿ ಸ್ವಲ್ಪ ಸೋರುವಂತಿದ್ದರೆ ನೇರವಾದ ಕೋಲಿನಂತೆ ಹೊರಬರುವುದು. ೧೯೬೦ನೆಯ ಇಸವಿ ಮೇ ತಿಂಗಳ ೧೬ನೆಯ ತಾರೀಖಿನಂದು ಅಮೆರಿಕದಲ್ಲಿ ಥಿಯೊಡೋರ್ ಮೈಮನ್ ಎಂಬವರು ಮೊದಲ ಬಾರಿಗೆ ಇದನ್ನು ಕಣ್ಣಿಗೆ ಕಾಣುವಂತೆ ಮಾಡಿದರು. ಅವರು ಬಳಸಿದ ಪದಾರ್ಥವು ಮಾಣಿಕ್ಯದ ಒಂದು ಚಿಕ್ಕ ಕಡ್ಡಿ.

ಮಾಣಿಕ್ಯವೆಂದೊಡನೆ ಅಜ್ಜಿಯವರು ಬಾಗಿಲಿಗೆ ಬಂದರು. ನಮಗೂ ಹೇಳಬೇಕೆಂದಿದ್ದ ಕಥೆಗೆ ದಾರಿ ಸಿಕ್ಕಿತು.

ಬೆಳಕಿನ ಓದು ಬೆಂಗಳೂರಿಗೆ ಹೊಸತಲ್ಲ. ಶ್ರೀ ಚಂದ್ರಶೇಖರ ವೆಂಕಟರಾಮನ್ ಅವರು ತಮ್ಮ ಹೆಸರಿನ ಪರಿಣಾಮವನ್ನು ಕಲ್ಕತ್ತೆಯಲ್ಲಿ ೧೯೨೮ನೆಯ ಇಸವಿ ಫೆಬ್ರವರಿ ೨೮ರಂದು ಕಂಡುಹಿಡಿದರಷ್ಟೆ; ಆ ವಿಷಯವಾಗಿ ಅವರು ವಿಸ್ತಾರವಾದ ಉಪನ್ಯಾಸವನ್ನು ಮಾಡಿದುದು ಅದೇ ಮಾರ್ಚಿ ೧೬ರಂದು, ಬೆಂಗಳೂರಿನಲ್ಲಿ. ೧೯೩೩ರಲ್ಲಿ ಅವರು ಇಲ್ಲಿಯ ವಿಜ್ಞಾನ ಮಂದಿರಕ್ಕೆ, ನಮ್ಮ ಜನ ಟಾಟಾ ಇನ್‌ಸ್ಟಿಟ್ಯೂಟ್ ಎಂದು ಕರೆಯುವ ಸಂಸ್ಥೆಗೆ, ಮೊದಲ ಭಾರತೀಯ ನಿರ್ದೇಶಕರಾಗಿ ಬಂದರು. ಅಲ್ಲಿ ಅವರೂ ನಾಗೇಂದ್ರನಾಥರೂ ಕೂಡಿ, ಶಬ್ದದ ಅಲೆಗಳು ಹಾಯುತ್ತಿರುವ ದ್ರವದ ಮೂಲಕ ಬೆಳಕು ಸಾಗುವಾಗ ಹೇಗೆ ಹಲವು ಕಿರಣಗಳಾಗಿ ಸಿಡಿಯುವುದೆಂಬುದನ್ನು ೧೯೩೫ರಿಂದ ಈಚೆಗೆ ಸಾಲು ಲೇಖನಗಳಲ್ಲಿ ವಿವರಿಸಿದರು. ಲೇಸರ್ ಹುಟ್ಟುವುದಕ್ಕೆ ಇಪ್ಪತ್ತೈದು ವರ್ಷ ಮೊದಲು ಬರೆದ ಆ ಸಿದ್ಧಾಂತವು ಇಂದು ಲೇಸರಿನ ಕಿರಣವನ್ನು ಬೇಕಾದ ಕಡೆಗೆ ತಿರುಗಿಸುವ ಸಲಕರಣೆಗಳಲ್ಲಿ ನಿತ್ಯವೂ ಕೆಲಸ ಮಾಡುತ್ತಿದೆ.

ನಾವು ಹೇಳಹೊರಟ ಕಥೆ ಇವರದಲ್ಲ, ಅಣ್ಣಾ ಮಣಿ ಎಂಬ ಮಹಿಳೆಯದು. ತಿರುವಾಂಕೂರು ಸೀಮೆಯ ಪೀರ್‌ಮೇಡಿನಲ್ಲಿ ೧೯೧೮ರಲ್ಲಿ ಹುಟ್ಟಿದ ಈಕೆ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದಿ ಆನರ್ಸ್ ಪದವಿಯನ್ನು ಪಡೆದು, ೧೯೪೦ರಲ್ಲಿ ವಿದ್ಯಾರ್ಥಿವೇತನದ ಮೇಲೆ ಬೆಂಗಳೂರಿಗೆ ಬಂದು ರಾಮನ್ನರ ಪ್ರಯೋಗಶಾಲೆಯನ್ನು ಸೇರಿದರು. ವಜ್ರ, ಮಾಣಿಕ್ಯಗಳು ಬೆಳಕನ್ನು ಹೇಗೆ ಹೀರಿ ಹೇಗೆ ಹೊರಸೂಸುವುವೆಂಬುದೇ ಅವರ ಕೆಲಸ. ಮೂವತ್ತಕ್ಕೂ ಹೆಚ್ಚು ವಜ್ರಗಳನ್ನು ಅವರು ಪರೀಕ್ಷಿಸಿದರು. ಹರಳನ್ನು ದ್ರವವಾಯುವಿನಲ್ಲಿ ತಣ್ಣಗಿಟ್ಟು, ಅದರಿಂದ ಬರುವ ಮಂಕು ಬೆಳಕನ್ನು ಫೋಟೋ ತಗಡಿನ ಮೇಲೆ ಬೀಳಿಸಬೇಕು. ಕೆಲವು ಹರಳುಗಳ ಬೆಳಕು ಎಷ್ಟು ಕ್ಷೀಣವೆಂದರೆ ಒಂದು ಚಿತ್ರಕ್ಕೆ ಹದಿನೈದು ಇಪ್ಪತ್ತು ಗಂಟೆ ಬೇಕಾಗುತ್ತಿತ್ತು. ಎಷ್ಟೋ ರಾತ್ರಿಗಳನ್ನು ಅವರು ಪ್ರಯೋಗಶಾಲೆಯಲ್ಲಿಯೇ ಕಳೆದರು. ೧೯೪೨ರಿಂದ ೧೯೪೫ರವರೆಗೆ ಐದು ಲೇಖನಗಳನ್ನು ತಮ್ಮೊಬ್ಬರ ಹೆಸರಿನಲ್ಲಿಯೇ ಪ್ರಕಟಿಸಿ, ೧೯೪೫ರ ಆಗಸ್ಟಿನಲ್ಲಿ ತಮ್ಮ ಪ್ರಬಂಧವನ್ನು ಮದರಾಸು ವಿಶ್ವವಿದ್ಯಾನಿಲಯಕ್ಕೆ ಒಪ್ಪಿಸಿದರು. ಡಾಕ್ಟರ್ ಪದವಿ ಬರಲಿಲ್ಲ. ಕಾರಣವೇನೆಂದರೆ, ಅವರಲ್ಲಿ ಎಂ.ಎಸ್ಸಿ. ಇರಲಿಲ್ಲ, ಆನರ್ಸ್ ಮಾತ್ರ ಇತ್ತು! ಆ ಪ್ರಬಂಧವು ಇಂದಿಗೂ ರಾಮನ್ ಸಂಶೋಧನ ಸಂಸ್ಥೆಯ ಪುಸ್ತಕಭಂಡಾರದಲ್ಲಿ, ಪದವಿ ಪಡೆದ ಇತರರ ಪ್ರಬಂಧಗಳ ಸಾಲಿನಲ್ಲಿಯೇ ಇರುವುದೆಂದು ಕೇಳಿದ್ದೇವೆ.

ಅಣ್ಣಾ ಮಣಿಯವರು ಅಳುತ್ತ ಕೂರಲಿಲ್ಲ. ಇಂಗ್ಲೆಂಡಿಗೆ ಹೋಗಿ ಹವಾಮಾನದ ಉಪಕರಣಗಳ ವಿದ್ಯೆಯನ್ನು ಕಲಿತು ಬಂದು, ಬಿಸಿಲು, ಗಾಳಿ, ಓಜೋನುಗಳನ್ನು ಅಳೆಯುವ ಯಂತ್ರಗಳನ್ನು ನಮ್ಮ ದೇಶದಲ್ಲಿಯೇ ಮಾಡಿಸಿದರು. ಭಾರತದ ಬಿಸಿಲಿನ ಲೆಕ್ಕವನ್ನು ಕುರಿತು ಅವರು ೧೯೮೦, ೧೯೮೧ರಲ್ಲಿ ಹೊರತಂದ ಎರಡು ಗ್ರಂಥಗಳು ಸೂರ್ಯಶಕ್ತಿಯ ಕೆಲಸಕ್ಕೆ ಆಧಾರವಾದುವು. ೨೦೦೧ರಲ್ಲಿ ತೀರಿಕೊಂಡರು. ಆದರೂ ಮಾಣಿಕ್ಯದ ಬೆಳಕನ್ನು ಬೆಂಗಳೂರಿನಲ್ಲಿ ರಾತ್ರಿಯೆಲ್ಲ ಕಾದು ಕುಳಿತು ಬರೆದುಕೊಂಡವರಿಗೆ ಒಂದು ಕಾಗದದ ಕೊರತೆಯಿಂದ ಡಾಕ್ಟರ್ ಪದವಿ ತಪ್ಪಿತೆಂಬುದನ್ನು ನೆನೆದಾಗಲೆಲ್ಲ ನಮಗೆ ಹೊಟ್ಟೆಯುರಿಯುವುದು.

ಈ ಕಥೆಯನ್ನು ನರ್ಸರಿಯಲ್ಲಿ ಹೇಳಿದುದಕ್ಕೆ ಕಾರಣವಿತ್ತು. ಆನರ್ಸ್ ಪದವಿಯ ಬೆಲೆ ಈಗ ಬದಲಾಗಿದೆ. ವಿಶ್ವವಿದ್ಯಾನಿಲಯ ಅನುದಾನ ಆಯೋಗವು ೨೦೨೨ರಲ್ಲಿ ಮಾಡಿದ ನಿಯಮದಂತೆ, ನಾಲ್ಕು ವರ್ಷಗಳ ಪದವಿಯನ್ನು ನೂರಕ್ಕೆ ೭೫ ಅಂಶಗಳೊಡನೆ ಮುಗಿಸಿದವರು ಎಂ.ಎಸ್ಸಿ. ಇಲ್ಲದೆಯೇ ಪಿಎಚ್.ಡಿ.ಗೆ ಅರ್ಜಿ ಹಾಕಬಹುದು. ಮೊದಲ ಆರು ಸೆಮಿಸ್ಟರುಗಳಲ್ಲಿ ೭೫ ಅಥವಾ ಮೇಲ್ಪಟ್ಟು ಪಡೆದವರು ಮಾತ್ರ ನಾಲ್ಕನೆಯ ವರ್ಷದಲ್ಲಿ ಸಂಶೋಧನೆಯನ್ನು ಕೈಗೊಳ್ಳಬಹುದು. ಅವರ ಪದವಿಪತ್ರದಲ್ಲಿ ಸಂಶೋಧನಾಸಹಿತ ಆನರ್ಸ್ ಎಂದು ಬರುವುದು. ಅಂದರೆ, ೧೯೪೫ರಲ್ಲಿ ಯಾವ ಬಾಗಿಲು ಅಣ್ಣಾ ಮಣಿಯವರಿಗೆ ಮುಚ್ಚಿತ್ತೋ ಅದು ಈ ಹುಡುಗಿಗೆ ಈ ಒಂದು ವರ್ಷದಿಂದ ತೆರೆಯಬಲ್ಲದು.

ನಮ್ಮ ರಾಜ್ಯದ ಸಂಗತಿಯಲ್ಲಿ ಒಂದು ತೊಡಕುಂಟು. ೨೦೨೧-೨೨ರಲ್ಲಿ ಕರ್ನಾಟಕವು ನಾಲ್ಕು ವರ್ಷಗಳ ಕ್ರಮವನ್ನು ತಂದಿತು; ೨೦೨೪ರ ಮೇ ತಿಂಗಳಿನಲ್ಲಿ ಸರ್ಕಾರವು ಅದನ್ನು ಬಿಟ್ಟು ಮತ್ತೆ ಮೂರು ವರ್ಷಗಳ ಪದವಿಗೆ ಹಿಂದಿರುಗಿತು. ನಡುವಣ ಮೂರು ವರ್ಷಗಳಲ್ಲಿ ಸೇರಿದವರಿಗೆ ಮಾತ್ರ, ಇಷ್ಟವಿದ್ದರೆ ನಾಲ್ಕನೆಯದನ್ನು ಓದುವ ಅವಕಾಶವನ್ನು ಉಳಿಸಿತು. ನಮ್ಮ ಹುಡುಗಿ ಆ ಗುಂಪಿನವಳು. ಅವಳ ತಮ್ಮನಿಗೆ ಈ ಮಾತು ಹೊಂದುವುದಿಲ್ಲ; ಅವನಿಗೆ ಹಾಗೆ ಓದುವ ಮನಸ್ಸಾದರೆ ೨೦೧೧ರಿಂದ ನಾಲ್ಕು ವರ್ಷಗಳ ವಿಜ್ಞಾನ ಪದವಿಯನ್ನು ನಡೆಸುತ್ತಿರುವ ಟಾಟಾ ಇನ್‌ಸ್ಟಿಟ್ಯೂಟನ್ನಾಗಲಿ, ತಮ್ಮದೇ ಕ್ರಮವಿರುವ ಬೇರೆ ವಿಶ್ವವಿದ್ಯಾನಿಲಯಗಳನ್ನಾಗಲಿ ನೋಡಬೇಕು. ನೀತಿಯು ಹೀಗೆ ಮೂರು ವರ್ಷಕ್ಕೊಮ್ಮೆ ಮಗ್ಗುಲು ಬದಲಿಸಿದರೆ ಗೃಹಸ್ಥನು ಮಕ್ಕಳ ಓದನ್ನು ಯಾವ ಧೈರ್ಯದಿಂದ ಯೋಚಿಸಬೇಕೆಂಬುದನ್ನು ದೊಡ್ಡವರು ಹೇಳಬೇಕು.

"ಅದೆಲ್ಲ ಸರಿ, ವರ್ಷವಿಡೀ ಅಲ್ಲಿ ಏನು ಮಾಡ್ತಾಳೆ?" ಎಂದು ಯಜಮಾನರು ಕೇಳಿದರು. ಈ ಸಲ ಉತ್ತರವನ್ನು ಹುಡುಗಿಯೇ ಹೇಳಿದಳು, ನಾವು ಕೇಳಿದೆವು. ಒಂದು ಕಿರಣವನ್ನು ಎರಡಾಗಿ ಸೀಳಿ, ಎರಡು ಕನ್ನಡಿಗಳಿಗೆ ಕಳುಹಿಸಿ, ಹಿಂದಕ್ಕೆ ಬಂದುದನ್ನು ಮತ್ತೆ ಕೂಡಿಸಿದರೆ ಬೆಳಕು ಕತ್ತಲೆಯ ಪಟ್ಟೆಗಳು ಕಾಣುವುವು. ಒಂದು ಕನ್ನಡಿಯು ಮಿಲಿಮೀಟರಿನಲ್ಲಿ ಮೂರು ಸಾವಿರದಲ್ಲೊಂದು ಭಾಗದಷ್ಟು ಸರಿದರೂ ಒಂದು ಪಟ್ಟೆಯು ದಾಟಿಹೋಗುವುದು. ಬೀದಿಯಲ್ಲಿ ಬಸ್ಸು ಹೋದರೆ ಪಟ್ಟೆಗಳು ನಡುಗುವುವು. ಪಕ್ಕದಲ್ಲಿ ನಿಂತು ಮಾತಾಡಿದರೂ ನಡುಗುವುವು. ಅದಕ್ಕಾಗಿಯೇ ಅಲುಗದ ಭಾರವಾದ ಮೇಜು. "ಒಂದು ಕನ್ನಡಿ ಸರಿಹೊಂದಿಸೋಕೆ ಎರಡು ದಿನ ಬೇಕಾಯ್ತು ಅಪ್ಪ" ಎಂದಳು. ಕಸಿ ಕಟ್ಟುವ ಮನೆಯ ಮಗಳಿಗೆ ತಾಳ್ಮೆಯನ್ನು ಯಾರೂ ಕಲಿಸಬೇಕಾದುದಿಲ್ಲವೆಂದು ನಮಗೆ ತೋರಿತು.

ಇಷ್ಟು ಸಣ್ಣ ವಯಸ್ಸಿನಲ್ಲಿ ಸಂಶೋಧನೆಯೆಂದರೆ ಆಟವೆಂದು ಚಿಕ್ಕಪ್ಪನವರು ನಕ್ಕರು. ಅವರಿಗೆ ನಾವು ಪಂಚರತ್ನಂ ಅವರ ಹೆಸರನ್ನು ಹೇಳಿದೆವು. ರಾಮನ್ನರ ಸೋದರಿಯ ಮಗನಾದ ಈತನು ಬೆಂಗಳೂರಿನಲ್ಲಿ ಹರಳುಗಳ ಮೂಲಕ ಹಾಯುವ ಬೆಳಕನ್ನು ಪರೀಕ್ಷಿಸುತ್ತ, ೧೯೫೬ರಲ್ಲಿ, ತನ್ನ ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಒಂದು ಲೇಖನವನ್ನು ಬರೆದನು. ಬೆಳಕಿನ ಕಂಪನದ ರೀತಿಯನ್ನು ಬಗೆಬಗೆಯಾಗಿ ಬದಲಿಸುತ್ತ ಹೋಗಿ ಮತ್ತೆ ಮೊದಲಿನ ರೀತಿಗೇ ತಂದರೂ, ಹೋಗಿಬಂದ ದಾರಿಯ ಗುರುತೊಂದು ಅದರ ತಾಳದಲ್ಲಿ ಉಳಿಯುವುದೆಂಬುದು ಅದರ ಸಾರ. ಸುಮಾರು ಮೂವತ್ತು ವರ್ಷ ಹೆಚ್ಚು ಜನ ಅದನ್ನು ಗಮನಿಸಲಿಲ್ಲ. ಈಗ ಪ್ರಪಂಚದಲ್ಲೆಲ್ಲ ಅದು ಪಂಚರತ್ನಂ ಹೆಸರಿನಿಂದಲೇ ನಡೆಯುತ್ತಿದೆ. ೧೯೬೯ರಲ್ಲಿ, ಮೂವತ್ತೈದು ವರ್ಷಕ್ಕೇ, ಆತನು ಆಕ್ಸ್‌ಫರ್ಡಿನಲ್ಲಿ ತೀರಿಹೋದುದು ನಮ್ಮ ದುರದೃಷ್ಟ.

ಹೊಟ್ಟೆಪಾಡಿನ ಮಾತನ್ನು ಮರೆಮಾಚುವುದು ತರವಲ್ಲ. ಆನರ್ಸ್ ಕಾಗದವೊಂದನ್ನು ಹಿಡಿದು ಹೋದ ಮಾತ್ರಕ್ಕೆ ಯಾರೂ ಕರೆದು ಕೆಲಸ ಕೊಡುವುದಿಲ್ಲ. ಬಹುಮಟ್ಟಿಗೆ ಇನ್ನೂ ಓದಬೇಕು. ಆ ಓದಿಗೆ ಮನೆಯ ಹಣವೇ ಬೇಕೆಂದಿಲ್ಲ: ರಾಷ್ಟ್ರಮಟ್ಟದ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಸಂಶೋಧನ ವೇತನವನ್ನು ಪಡೆದವರಿಗೆ ೨೦೨೩ರ ಜನವರಿಯಿಂದ ತಿಂಗಳಿಗೆ ೩೭,೦೦೦ ರೂಪಾಯಿಯೆಂದು ಗೊತ್ತುಮಾಡಲಾಯಿತು. ಪರೀಕ್ಷೆ ಕಠಿನ, ಸ್ಪರ್ಧಿಗಳು ಬಹಳ. ಇದನ್ನು ತಿಳಿದೇ ಹೊರಡಬೇಕು.

ಕೆಲಸವಾದರೋ ಊರಿನಲ್ಲಿಯೇ ಉಂಟು. ಸಿದ್ದಾಪುರದ ಬೀದಿಯಲ್ಲಿ ಕಂಬದಿಂದ ಮರಕ್ಕೆ, ಮರದಿಂದ ಕಂಬಕ್ಕೆ ಜೋಲಾಡುವ ಆ ಕರಿಯ ತಂತಿಗಳಲ್ಲಿ ಹಲವು ತಂತಿಗಳೇ ಅಲ್ಲ, ಕೂದಲಿನಂತಹ ಗಾಜಿನ ಎಳೆಗಳು. ಅವುಗಳೊಳಗೆ ಲೇಸರಿನ ಬೆಳಕು ಓಡುತ್ತಿರುವುದರಿಂದಲೇ ಮನೆಮನೆಗೆ ಇಂಟರ್ನೆಟ್ಟು ಬರುವುದು. ಗಾಜು ಎಷ್ಟು ಶುದ್ಧವೆಂದರೆ ಹದಿನೈದು ಕಿಲೋಮೀಟರು ಹೋದ ಮೇಲೂ ಬೆಳಕಿನ ಅರ್ಧ ಭಾಗ ಉಳಿದಿರುವುದು. ಪೀಣ್ಯದಲ್ಲಿರುವ ಇಸ್ರೋ ಸಂಸ್ಥೆಯ ದ್ಯುತಿ ಉಪಕರಣಗಳ ಪ್ರಯೋಗಾಲಯವು ೨೦೦೮ರ ಚಂದ್ರಯಾನಕ್ಕೆ ಲೇಸರ್ ದೂರಮಾಪಕವನ್ನು ಮಾಡಿಕೊಟ್ಟಿತು. ಚಂದ್ರನ ನೆಲದಿಂದ ನೂರು ಕಿಲೋಮೀಟರು ಎತ್ತರದಲ್ಲಿ ಸುತ್ತುತ್ತ ಅದು ಸೆಕೆಂಡಿಗೆ ಹತ್ತು ಸಲ ಬೆಳಕನ್ನು ಕೆಳಕ್ಕೆ ಮಿಂಚಿಸುತ್ತಿತ್ತು. ಆ ಬೆಳಕು ನೆಲವನ್ನು ಮುಟ್ಟಿ ಮರಳಲು ಸೆಕೆಂಡಿನ ಸುಮಾರು ೧೫೦೦ರಲ್ಲೊಂದು ಭಾಗ ಸಾಕು. ಆ ಕಾಲವನ್ನು ಅಳೆದು ಬೆಟ್ಟ ತಗ್ಗುಗಳ ಎತ್ತರವನ್ನು ಕಂಡುಕೊಂಡರು. ಸದಾಶಿವನಗರದ ರಾಮನ್ ಸಂಸ್ಥೆಯಲ್ಲಿ ಉರ್ಬಸಿ ಸಿನ್ಹಾ ಎಂಬ ವಿದುಷಿಯ ತಂಡವು ೨೦೨೧ರಲ್ಲಿ ಎರಡು ಕಟ್ಟಡಗಳ ನಡುವೆ, ಐವತ್ತು ಮೀಟರು ಬಯಲಿನಲ್ಲಿ, ಬೆಳಕಿನ ಒಂಟಿ ಒಂಟಿ ಕಣಗಳ ಮೂಲಕ ಗುಟ್ಟಿನ ಬೀಗದಕೈಯನ್ನು ಕಳುಹಿಸಿ ತೋರಿಸಿತು. ಊರು ಬಿಟ್ಟು ಹೋಗಬಲ್ಲವರಿಗೆ ಕೊಚ್ಚಿಯ ವಿಶ್ವವಿದ್ಯಾನಿಲಯವೂ ಇಂದೋರಿನ ಲೇಸರ್ ಸಂಶೋಧನ ಕೇಂದ್ರವೂ ಇವೆ. ಇಂಗಾಲದ ಡಯಾಕ್ಸೈಡಿನ ಲೇಸರನ್ನು ೧೯೬೪ರಲ್ಲಿ ಕಂಡುಹಿಡಿದು ಉಕ್ಕನ್ನೂ ಕತ್ತರಿಸುವಂತೆ ಮಾಡಿದ ಕುಮಾರ ಪಟೇಲರು ಬಾರಾಮತಿಯಲ್ಲಿ ಹುಟ್ಟಿದವರೆಂಬುದನ್ನೂ ಹೇಳಿಬಿಡೋಣ.

ಆದರೂ ಒಂದು ಎಚ್ಚರಿಕೆ. ನಾಲ್ಕನೆಯ ವರ್ಷವೆಂಬ ಹಲಗೆಯನ್ನು ತಗುಲಿಹಾಕಿದ ಕಾಲೇಜುಗಳೆಲ್ಲ ಒಂದೇ ಅಲ್ಲ. ಶುಲ್ಕ ಕಟ್ಟುವ ಮೊದಲು ತಂದೆಯಾದವನು ಒಮ್ಮೆ ಹೋಗಿ ಪ್ರಯೋಗಶಾಲೆಯನ್ನು ಕಣ್ಣಾರೆ ನೋಡತಕ್ಕದ್ದು. ಲೇಸರ್ ಇದೆಯೆ, ಮೇಜು ಇದೆಯೆ, ಮಾರ್ಗದರ್ಶಕರು ಸ್ವತಃ ಆ ವಿಷಯದಲ್ಲಿ ಕೆಲಸ ಮಾಡಿದವರೇ, ಅವರಿಗೆ ವಾರದಲ್ಲಿ ಎಷ್ಟು ಹೊತ್ತು ಬಿಡುವಿದೆ, ಎಂದು ಕೇಳತಕ್ಕದ್ದು. ಕೇಳಿದರೆ ಬೇಸರಪಡುವವರಲ್ಲಿ ಮಗಳನ್ನು ಬಿಡದಿರುವುದೇ ಮೇಲು. ಸಲಕರಣೆಯಿಲ್ಲದ ಕಡೆ ಸಂಶೋಧನೆಯೆಂದರೆ ಹಳೆಯ ಪುಸ್ತಕಗಳನ್ನು ನಕಲು ಮಾಡಿ ರಟ್ಟು ಹಾಕಿಸುವುದಾಗಿಬಿಡುತ್ತದೆ. ಅಂತಹ ರಟ್ಟುಗಳನ್ನು ನಾವು ಕಂಡಿದ್ದೇವೆ.

ಇನ್ನು ಅಜ್ಜಿಯವರ ಭಯ. ಅದನ್ನು ನಗೆಯಾಡತಕ್ಕದ್ದಲ್ಲ. ಲೇಸರಿನ ಕಿರಣವು ಕಣ್ಣಿನೊಳಕ್ಕೆ ಹೋದರೆ ಕಣ್ಣಿನ ಮಸೂರವು ಅದನ್ನು ಅಕ್ಷಿಪಟದ ಮೇಲೆ ಸೂಜಿಯ ಮೊನೆಯಷ್ಟಾಗಿ ಕೂಡಿಸುವುದು. ಅಕ್ಷಿಪಟಕ್ಕೆ ನೋವು ತಿಳಿಯದು. ಆದುದರಿಂದ ಸುಟ್ಟುದು ಸುಟ್ಟ ಮೇಲೆಯೇ ಗೊತ್ತಾಗುವುದು. ಕಣ್ಣಿಗೆ ಕಾಣದ ಅವಕೆಂಪು ಲೇಸರ್ ಇನ್ನೂ ಅಪಾಯ, ರೆಪ್ಪೆ ತಾನಾಗಿ ಮುಚ್ಚುವುದೂ ಇಲ್ಲ. ಆದಕಾರಣ ಲೇಸರುಗಳನ್ನು ಬಲಕ್ಕನುಗುಣವಾಗಿ ವರ್ಗಗಳನ್ನಾಗಿ ಮಾಡಿದ್ದಾರೆ. ಅರ್ಧ ವಾಟನ್ನು ಮೀರಿದುದು ನಾಲ್ಕನೆಯ ವರ್ಗ, ಅದರ ಕಿರಣ ಗೋಡೆಗೆ ಬಿದ್ದು ಚೆದರಿದುದೂ ಕಣ್ಣಿಗೆ ಕೇಡು. ಆ ಆ ಬಣ್ಣದ ಲೇಸರಿಗೆ ಆ ಆ ಕನ್ನಡಕವೇ ಬೇಕು. ಹಸಿರು ಕಿರಣಕ್ಕೆ ಮಾಡಿದ ಕನ್ನಡಕವು ಕೆಂಪು ಕಿರಣವನ್ನು ತಡೆಯಬೇಕೆಂದಿಲ್ಲ. ಕಿರಣವು ಓಡುವ ಮಟ್ಟಕ್ಕೆ ಕಣ್ಣನ್ನು ಎಂದೂ ತರಬಾರದು, ಕೆಳಗೆ ಬಿದ್ದ ಪೆನ್ನನ್ನು ಎತ್ತಿಕೊಳ್ಳುವುದಕ್ಕಾದರೂ ಸರಿ. ಉಂಗುರ, ಗಡಿಯಾರ, ಬಳೆಗಳನ್ನು ಕಳಚಿಟ್ಟು ಒಳಗೆ ಹೋಗಬೇಕು, ಏಕೆಂದರೆ ಹೊಳೆಯುವ ವಸ್ತುವಿನಿಂದ ಕಿರಣ ಎತ್ತಲೋ ಹಾರಬಹುದು. "ಬಳೆ ತೆಗೀಬೇಕಾ?" ಎಂದು ಅಜ್ಜಿಯವರು ಮುಖ ಸಿಂಡರಿಸಿದರು. ಮನೆಗೆ ಬಂದು ಹಾಕಿಕೊಳ್ಳುತ್ತಾಳೆಂದು ಸಮಾಧಾನ ಹೇಳಿದೆವು. ಈ ನಿಯಮಗಳನ್ನು ಪಾಲಿಸುವ ಕಡೆ ಅಡಿಗೆಮನೆಯ ಕುದಿಯುವ ಎಣ್ಣೆಗಿಂತ ಇದರ ಭಯ ಹೆಚ್ಚಲ್ಲವೆಂಬುದು ನಮ್ಮ ಎಣಿಕೆ. ಪಾಲಿಸದ ಕಡೆಗೆ ಕಳುಹಿಸಲೇಬಾರದು.

ಮಾತಿನಿಂದ ಒಪ್ಪುವ ಜನ ಅವರಲ್ಲ. ಸಂಜೆಯಾಗುತ್ತಲೇ ಹುಡುಗಿಯು ಗೊಬ್ಬರದ ಮೂಟೆಗಳನ್ನಿಡುವ ಕೋಣೆಗೆ ನಮ್ಮೆಲ್ಲರನ್ನೂ ಕರೆದು, ಯಾರೂ ಕಿರಣದ ಎದುರಿಗೆ ನಿಲ್ಲದಂತೆ ಒಂದು ಪಕ್ಕಕ್ಕೆ ಕೂಡಿಸಿದಳು. ಪಾಠಮಾಡುವವರು ಹಲಗೆ ತೋರಿಸಲು ಹಿಡಿಯುವ ಕಡಿಮೆ ಬಲದ ಕೆಂಪು ಲೇಸರು, ಅದರ ಮುಂದೆ ರಟ್ಟಿನ ತೂತಿಗೆ ಅಂಟಿಸಿದ ಅವಳದೇ ತಲೆಯ ಒಂದು ಕೂದಲು, ಎರಡು ಮೀಟರು ದೂರದಲ್ಲಿ ಸುಣ್ಣದ ಗೋಡೆ. ಗೋಡೆಯ ಮೇಲೆ ಒಂದು ಚುಕ್ಕೆ ಬೀಳುವುದೆಂದು ನಾವೆಲ್ಲ ನಂಬಿದ್ದೆವು. ಚುಕ್ಕೆಯ ಎರಡು ಕಡೆಗೂ ಕೆಂಪು ಗೆರೆಗಳು, ನಡುನಡುವೆ ಕಪ್ಪು ಸಂದುಗಳು, ಮಾಲೆ ಕಟ್ಟಿದಂತೆ ಬಿದ್ದುವು. ಅಳತೆಪಟ್ಟಿಯಿಂದ ಅಳೆದಳು: ಒಂದು ಕಪ್ಪು ಸಂದಿನಿಂದ ಮುಂದಿನದಕ್ಕೆ ೧೭ ಮಿಲಿಮೀಟರು. ಬೆಳಕಿನ ಅಲೆಯ ಉದ್ದವನ್ನು ದೂರದಿಂದ ಗುಣಿಸಿ ಇದರಿಂದ ಭಾಗಿಸಿದರೆ ಕೂದಲಿನ ದಪ್ಪ ಬರುವುದೆಂದು ಗೊಬ್ಬರದ ಮೂಟೆಯ ಮೇಲೆಯೇ ಸೀಮೆಸುಣ್ಣದಿಂದ ಲೆಕ್ಕ ಮಾಡಿದಳು. ಮಿಲಿಮೀಟರಿನ ನೂರರಲ್ಲಿ ಏಳೂವರೆ ಭಾಗ ಬಂದಿತು.

ಅಜ್ಜಿಯವರು ಸುಮ್ಮನೆ ತಮ್ಮ ತಲೆಯಿಂದ ಒಂದು ಬಿಳಿಯ ಕೂದಲನ್ನು ಕಿತ್ತು ಮುಂದಕ್ಕೆ ಚಾಚಿದರು. ಈ ಸಲ ಸಂದುಗಳ ನಡುವೆ ೨೧ ಮಿಲಿಮೀಟರು. ಸಂದು ದೊಡ್ಡದಾದರೆ ಕೂದಲು ಸಣ್ಣದು. ನೂರರಲ್ಲಿ ಆರು ಭಾಗವೆಂದು ಮೊಮ್ಮಗಳು ಕೂಗಿ ಹೇಳಿದಳು.

"ನನ್ನ ಕೂದ್ಲು ಸಣ್ಣಗಾಗದೆ ಅಂತ ನಂಗೊತ್ತಿರಲಿಲ್ವಾ? ಇದಕ್ಕೆ ನಾಲ್ಕನೇ ವರ್ಷ ಬೇಕಾ?" ಎಂದು ಅಜ್ಜಿಯವರು ಕೇಳಿದರು. ಆದರೆ ಹೋಗಲಿಲ್ಲ, ಚಿಕ್ಕಪ್ಪನವರ ಮೀಸೆಯನ್ನೂ ಅಳೆಯಿಸಿಯೇ ಎದ್ದರು.

ಯಜಮಾನರು ಬಹಳ ಹೊತ್ತು ಗೋಡೆಯನ್ನೇ ನೋಡುತ್ತ ನಿಂತಿದ್ದು, ಶುಲ್ಕ ಕಟ್ಟಲು ಕಡೆಯ ದಿನ ಯಾವುದೆಂದು ಮಗಳನ್ನು ಕೇಳಿದರು. ಬುಧವಾರವೆಂದಳು. ಮಂಗಳವಾರ ತಾವೇ ಬಂದು ಆ ಮೇಜನ್ನು ನೋಡುವುದಾಗಿಯೂ, ನಾವೂ ಜೊತೆಗೆ ಬರಬೇಕೆಂದೂ ಹೇಳಿದರು. ಒಪ್ಪಿಕೊಂಡೆವು. ದಾಸವಾಳಕ್ಕೆ ಅವರು ಹಣ ತೆಗೆದುಕೊಳ್ಳಲಿಲ್ಲ. ತುಳಸಿಯನ್ನು ನಾವು ಅಲ್ಲಿಯೇ ಮರೆತು ಬಂದುದರಿಂದ ಮನೆಯಲ್ಲಿ ಕೇಳಬೇಕಾದುದನ್ನೆಲ್ಲ ಕೇಳಿದೆವು.